ಸಿಟ್ಟಿಗೆ ಇಪ್ಪತ್ತು ಕುಣಿಕೆ

ಗುಡುಗಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತು ಈ ಗುಮಾಸ್ತ ಬೈದರೆ, ಸಾಲಿನ ಕೊನೆಯಲ್ಲಿದ್ದವನ ಕೈಕಾಲು ತಣ್ಣಗಾಗುತ್ತಿತ್ತು. ಒಂದೇ ವರ್ಷದಲ್ಲಿ ಹನ್ನೊಂದು ದೂರು. ನಿನ್ನೆ ಸಾಹೇಬರು ಕರೆದು ಕಡ್ಡಿ ಮುರಿದಂತೆ ಹೇಳಿದ್ದರು: "ಇನ್ನೊಂದು ದೂರು ಬಂದರೆ ನೆಲಮಾಳಿಗೆಯ ದಾಖಲೆ ಕೋಣೆಗೆ ನಡೀರಿ." ಅಲ್ಲಿನ ಧೂಳಿಗೆ ಇಲಿಗಳೂ ಕೆಮ್ಮುತ್ತವೆ. ಗುಡುಗಪ್ಪನಿಗೆ ಉಬ್ಬಸ ಬೇರೆ.

ಬೆಳಿಗ್ಗೆ ಹೆಂಡತಿ ಅವನನ್ನು ಅರ್ಧ ಗಂಟೆ ಕೂರಿಸಿಕೊಂಡು ಕ್ರೋಶಾ ಹೆಣೆಯುವುದನ್ನು ಕಲಿಸಿದಳು. ಕೊಕ್ಕೆಯ ಕಡ್ಡಿಯನ್ನೂ ಒಂದು ಉಂಡೆ ಹಸಿರು ಉಲ್ಲನ್ ದಾರವನ್ನೂ ಚೀಲಕ್ಕೆ ತುರುಕಿದಳು.

"ರೀ, ಸಿಟ್ಟು ಬಂದರೆ ಬಾಯಿ ಬಿಡಬೇಡಿ, ಕುಣಿಕೆ ಹಾಕಿ. ಸಾಲಿಗೆ ಇಪ್ಪತ್ತು. ಲೆಕ್ಕ ತಪ್ಪಬಾರದು."

"ಗಂಡಸರು ಮಾಡೋ ಕೆಲಸವಾ ಇದು?"

"ನೆಲಮಾಳಿಗೇಲಿ ಕೂತು ಕೆಮ್ಮೋದು ಗಂಡಸರ ಕೆಲಸವಾ?"

ಅವನು ಚೀಲ ಹೆಗಲಿಗೇರಿಸಿದ.

ಕಚೇರಿಯ ಪದ್ಧತಿ ಸರಳ. ಬಂದವರಿಗೆ ನಂಬರಿನ ಚೀಟಿ; ಗುಡುಗಪ್ಪ ಕೂಗಿದ ನಂಬರಿನವರು ಕಿಟಕಿಗೆ ಬರಬೇಕು. ನಾಲ್ಕನೇ ನಂಬರಿನವನು ಸಹಿಯೇ ಇಲ್ಲದ ಅರ್ಜಿ ತಂದಿದ್ದ. ಗುಡುಗಪ್ಪನ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಬಾಯಿ ಬಿಗಿಹಿಡಿದು ಕಡ್ಡಿ ತೆಗೆದ. ಎಣಿಕೆ ಮನಸ್ಸಿನಲ್ಲಿ ನಿಲ್ಲಲಿಲ್ಲ, ಜೋರಾಗಿಯೇ ಹೊರಬಂತು. "...ಹದಿನೇಳು, ಹದಿನೆಂಟು..."

ಕಿಟಕಿಯೊಳಗೆ ಎರಡು ತಲೆಗಳು ತೂರಿದವು.

"ಕೂಗಿದ್ರಲ್ಲ ಸ್ವಾಮಿ, ಹದಿನೇಳು ನಂದೇ."

"ಐದು ಯಾವಾಗ ಹೋಯ್ತು?" ಅಂತ ಐದನೇ ಚೀಟಿಯ ಅಜ್ಜಿ ಕೇಳಿದಳು.

ಅಷ್ಟರಲ್ಲಿ ಲೆಕ್ಕ ತಪ್ಪಿತು. ಗುಡುಗಪ್ಪ ಮತ್ತೆ ಒಂದರಿಂದ ಶುರುಮಾಡಿದ. ಕೆಲಸ ಮುಗಿಸಿ ಮೆಟ್ಟಿಲಿಳಿಯುತ್ತಿದ್ದ ಒಂದನೇ ನಂಬರಿನವನು, ಮತ್ತೇನು ತಪ್ಪಾಯಿತೋ ಅಂತ ಹೆದರಿ ಓಡಿಬಂದ.

ಮಧ್ಯಾಹ್ನ ಟೈಪಿಸ್ಟ್ ಅಕ್ಕ ಬಂದು ಹೆಣಿಗೆಯನ್ನು ಎತ್ತಿ ನೋಡಿದಳು. "ಏನಣ್ಣ, ಬೆಳಿಗ್ಗೆ ಕರವಸ್ತ್ರ ಇತ್ತು, ಈಗ ಹಸುವಿನ ನಾಲಿಗೆ ಆಗಿದೆ. ಪ್ರತಿ ಸಾಲಲ್ಲೂ ಕೊನೇ ಕುಣಿಕೆ ಬಿಟ್ಟಿದ್ದೀರ. ಅಲ್ಲೊಂದು ಕ್ಲಿಪ್ಪು ಸಿಕ್ಕಿಸಿಕೊಳ್ಳಿ, ಗುರುತಿಗೆ."

ಕ್ಲಿಪ್ಪಿಗೇನು ಬರ? ಎದುರಿಗಿದ್ದ ಅರ್ಜಿಗಳಿಂದಲೇ ಕಿತ್ತುಕೊಂಡ. ಫ್ಯಾನು ತನ್ನ ಕೆಲಸ ಮಾಡಿತು. ಒಬ್ಬರ ಮದುವೆ ಅರ್ಜಿ ಇನ್ನೊಬ್ಬರ ಮರಣ ಪ್ರಮಾಣಪತ್ರದ ಜೊತೆ ಸೇರಿಕೊಂಡಿತು. ಜವಾನ ಎರಡನ್ನೂ ಓದಿ, "ಸರಿಯಾಗೇ ಇದೆಯಲ್ಲ" ಅಂದ. ಅವನಿಗೆ ಮದುವೆಯಾಗಿ ಇಪ್ಪತ್ತು ವರ್ಷ.

ಬೈಯುವವನಿಲ್ಲ ಅಂತ ಗೊತ್ತಾದರೆ ನಮ್ಮ ಜನಕ್ಕೆ ಮೈಯೆಲ್ಲ ಮೊಣಕೈ. ಕೊಡೆಯವನೊಬ್ಬ ಕೊಡೆಯನ್ನೇ ಅಡ್ಡಹಿಡಿದು ನುಗ್ಗಿದ. ಕೋಟಿನವನೊಬ್ಬ ಹಿಂದಿನ ಬಾಗಿಲಿಂದ ಒಳಗೇ ಬಂದು ಕುರ್ಚಿ ಎಳೆದುಕೊಂಡು ಕೂತ. ಅಜ್ಜಿ ಹನ್ನೆರಡನೇ ಸಲ ಹಿಂದಕ್ಕೆ ತಳ್ಳಿಸಿಕೊಂಡು ಕೂಗಿದಳು, "ಏನಪ್ಪ, ಬಾಯಿ ಬಿದ್ದುಹೋಯ್ತಾ? ಇವರಿಗೆ ಎರಡು ಬೈ."

"ಹದಿಮೂರು, ಹದಿನಾಲ್ಕು" ಅಂದ ಗುಡುಗಪ್ಪ, ಮುಗುಳ್ನಗುತ್ತ.

ಕಿಟಕಿ ಮುಚ್ಚುವ ಹೊತ್ತಿಗೆ ಒಂದು ಸಾಲಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗಿ ಕೂತಿದ್ದವು. ಯಾರನ್ನೂ ಬೈದಿರಲಿಲ್ಲ. ಸಾಹೇಬರು ಕರೆಸಿದಾಗ ಎದೆಯುಬ್ಬಿಸಿಕೊಂಡೇ ಹೋದ.

ಮೇಜಿನ ಮೇಲೆ ದೂರಿನ ಪೆಟ್ಟಿಗೆ ತೆರೆದಿತ್ತು. ಪಕ್ಕದಲ್ಲಿ ಒಂದು ಹಾಳೆ. ಸಾಹೇಬರು ಓದಿದರು: "ಕಿಟಕಿಯ ಗುಮಾಸ್ತರು ಈ ದಿನ ಯಾರನ್ನೂ ಬೈಯಲಿಲ್ಲ. ಆದ್ದರಿಂದ ನುಗ್ಗಿದವರ ಕೆಲಸವಾಯಿತು, ಸಾಲಿನಲ್ಲಿ ನಿಂತ ನಮ್ಮದು ಆಗಲಿಲ್ಲ. ಅವರು ಮೊದಲಿನಂತೆ ಬೈಯುವ ಹಾಗೆ ಕ್ರಮ ಕೈಗೊಳ್ಳಬೇಕು." ಅಜ್ಜಿಯ ಹೆಬ್ಬೆಟ್ಟು. ಅದರ ಕೆಳಗೆ ಮೂವತ್ತು ಸಹಿ.

"ಸಾರ್, ಇದು ದೂರು ಹೇಗಾಗುತ್ತೆ? ಹೊಗಳಿಕೆ ಇದು."

"ದೂರಿನ ಪೆಟ್ಟಿಗೇಲಿ ಸಿಕ್ಕಿದ್ದೆಲ್ಲ ದೂರೇ ಕಣ್ರೀ. ನಾಳೆಯಿಂದ ನೆಲಮಾಳಿಗೆ."

ಬೆಳಿಗ್ಗೆಯಿಂದ ಅದುಮಿಟ್ಟದ್ದೆಲ್ಲ ಒಮ್ಮೆಲೇ ಸಿಡಿಯಿತು. ಸಾಹೇಬರ ವಂಶ, ಅಜ್ಜಿಯ ಹೆಬ್ಬೆಟ್ಟು, ಉಲ್ಲನ್ ಕಂಡುಹಿಡಿದವನು, ಯಾರನ್ನೂ ಬಿಡಲಿಲ್ಲ. ಕಿಟಕಿಯ ಗಾಜು ನಡುಗಿತು. ಕಿಟಕಿ ಮುಚ್ಚಿದರೂ ಮೊಗಸಾಲೆಯಲ್ಲಿ ಇನ್ನೂ ಕಿತ್ತಾಡುತ್ತಿದ್ದ ಜನ ಆ ದನಿ ಕೇಳಿದ್ದೇ ತಡ, ಗಪ್‌ಚಿಪ್ಪಾಗಿ ಒಬ್ಬರ ಹಿಂದೊಬ್ಬರು ನಿಂತರು. ಕೆಲಸ ಆಗಿಹೋಗಿದ್ದ ಕೊಡೆಯವನೂ ನಿಂತ, ಎಲ್ಲರಿಗಿಂತ ಹಿಂದೆ.

ಸಾಹೇಬರು ಬಾಗಿಲಿಗೆ ಹೋಗಿ ಆ ನೆಟ್ಟನೆಯ ಸಾಲನ್ನು ಕಣ್ತುಂಬ ನೋಡಿದರು.

"ಇದನ್ನೇ ಬೆಳಿಗ್ಗೆ ಮಾಡಿದ್ದರೆ ಏನಾಗ್ತಿತ್ತು ರೀ ನಿಮಗೆ?" ಅಂದು, ವಾಪಸ್ ಬಂದು ವರ್ಗಾವಣೆಗೆ ಸಹಿ ಹಾಕಿದರು.