ಹೆಣ್ಣು ನೋಡಲು ಹೋಗಿ ಹಾವಸೆ ನೋಡಿದವನು

ನನ್ನ ಮೈದುನ ನೋಡಿ ಬಂದ ಹೆಣ್ಣುಗಳ ಮುಖ ಹೇಗಿತ್ತೆಂದು ಕೇಳಿ, ಅವನಿಗೆ ಗೊತ್ತಿಲ್ಲ. ಆ ಮನೆಗಳ ಬಚ್ಚಲಗೋಡೆ ಹೇಗಿತ್ತೆಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ!

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ವಯಸ್ಸು ಮೂವತ್ಮೂರು. ಅತ್ತೆ ತೀರಿಹೋಗುವಾಗ ಇವನ ಕೈಯನ್ನು ನನ್ನ ಕೈಯಲ್ಲಿಟ್ಟು, "ಇವನಿಗೊಂದು ಮದ್ವೆ ಮಾಡಮ್ಮ" ಎಂದಿದ್ದರು. ಸುಲಭದ ಕೆಲಸವೇ? ಜೇಬಿನಲ್ಲಿ ಸದಾ ಭೂತಗನ್ನಡಿ, ಕರ್ಚೀಫಿನಲ್ಲಿ ಸದಾ ಹಾವಸೆ!

ಮೊದಮೊದಲು ನನಗೂ ಅದು ಹುಚ್ಚಾಟವಾಗಿಯೇ ಕಂಡಿತ್ತು. ಒಂದು ಮಳೆಗಾಲ ಬಾವಿಕಟ್ಟೆಯ ಹತ್ತಿರ ಹಾವಸೆಯ ಮೇಲೆ ಕಾಲಿಟ್ಟು ಧೊಪ್ಪನೆ ಬಿದ್ದೆ. ಕೊಡ ಒಂದು ಕಡೆ, ನಾನೊಂದು ಕಡೆ. ಇವನು ಓಡಿಬಂದ. ಎತ್ತಲು ಅಂದುಕೊಂಡಿರಾ? "ಏಳ್ಬೇಡಿ ಅತ್ತಿಗೆ, ಏಳ್ಬೇಡಿ! ಇಷ್ಟು ಹತ್ರದಿಂದ ಮತ್ಯಾವಾಗ ನೋಡ್ತೀರಾ?" ಎಂದು ಭೂತಗನ್ನಡಿ ಕೈಗಿಟ್ಟ.

ಬೈಯಲು ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಅಬ್ಬಾ, ಅದು ಕಾಡು ಕಣ್ರೀ! ಒಂದಂಗುಲವೂ ಇಲ್ಲದ ಕಾಡು. ಕೂದಲಿನಂಥ ಕಡ್ಡಿಗಳು, ಕಡ್ಡಿಯ ತುದಿಗೆ ಪುಟ್ಟ ಗಡಿಗೆ, ಗಡಿಗೆಗೊಂದು ಮುಚ್ಚಳ! ಇದನ್ನೇ ನಾನು ಇಷ್ಟು ವರ್ಷ ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಚರಂಡಿಗೆ ಬಿಡುತ್ತಿದ್ದೆ.

"ಹೂವಿಲ್ಲ, ಬೀಜ ಇಲ್ಲ, ಸರಿಯಾದ ಬೇರೂ ಇಲ್ಲ. ಗಡಿಗೇಲಿರೋ ಪುಡಿ ಗಾಳೀಲಿ ಹಾರುತ್ತೆ. ಗಂಡು ಹೆಣ್ಣು ಸೇರ್ಬೇಕಂದ್ರೆ ಮಾತ್ರ ಒಂದು ಹನಿ ನೀರು ಬೇಕು ಅತ್ತಿಗೆ, ಅದ್ರಲ್ಲಿ ಈಜಿಕೊಂಡ್ ಹೋಗ್ಬೇಕು."

"ನಿನಗಿಂತ ವಾಸಿ ಕಣೋ, ಈಜಿಕೊಂಡಾದ್ರೂ ಹೋಗುತ್ತೆ!" ಎಂದೆ.

ಹೆಣ್ಣು ನೋಡಲು ಮೊದಲು ಹೋದದ್ದು ಗುಬ್ಬಿಗೆ. ಹೆಣ್ಣಿನ ತಂದೆಗೆ ದೊಡ್ಡ ತೆಂಗಿನ ತೋಟ. ತಮ್ಮ ಮರಗಳ ಎತ್ತರ ಹೊಗಳಿಕೊಳ್ಳುತ್ತಿದ್ದರು. ನಮ್ಮವನು ಊರ್ಡಿಗೆರೆ ಕಡೆಯ ಬೆಟ್ಟದ ಬಂಡೆಸಂದಿಯಲ್ಲಿ ಕಿತ್ತಿದ್ದ ಗೇಣುದ್ದದ ಗಿಡವೊಂದನ್ನು ತೆಗೆದ. "ಇದು ಕ್ಲಬ್ ಮಾಸ್ ಅಂತ, ಹಾವಸೆ ಥರ ಕಾಣೋ ಗಿಡದ ವಂಶದ್ದು ಸಾರ್. ಕೋಟಿಗಟ್ಲೆ ವರ್ಷದ ಹಿಂದೆ ಇದರ ನೆಂಟರು ನಿಮ್ ತೆಂಗಿನ ಮರಕ್ಕಿಂತ ಎತ್ತರ ಇದ್ರು. ಈಗ ನೋಡಿ!"

"ಏನ್ರೀ, ನಮ್ ತೋಟನೂ ಹಿಂಗೇ ಆಗ್ಲಿ ಅಂತೀರಾ?" ಎಂದು ಅವರು ಎದ್ದೇ ಬಿಟ್ಟರು.

ಕುಣಿಗಲ್ಲಿನಲ್ಲಿ ನಮಗಾಗಿ ಮನೆಗೆಲ್ಲ ಸುಣ್ಣ ಬಳಿಸಿದ್ದರು. ಹಾವಸೆ ಕೆರೆದು ಸುಣ್ಣ ಬಳಿದ ಹಿತ್ತಿಲ ಗೋಡೆ ನೋಡಿದವನೇ ತಲೆಯ ಮೇಲೆ ಕೈ ಹೊತ್ತು, "ಅಯ್ಯೋ, ನಾನ್ ಬರ್ತೀನಂತ ಎಷ್ಟು ಜೀವ ಹೋಯ್ತು!" ಎಂದ. ಒಳಗಿದ್ದ ಅಜ್ಜಿ ಸೂತಕವೆಂದುಕೊಂಡು, ತಂದಿದ್ದ ಕೇಸರಿಭಾತನ್ನು ಹಾಗೇ ವಾಪಸ್ಸು ಒಯ್ದರು.

ಹುಲಿಯೂರುದುರ್ಗಕ್ಕೆ ಹೊರಟಾಗ ನನಗೂ ಸಾಕಾಗಿತ್ತು. "ಬಾಯಿ ಬಿಟ್ರೆ ನನ್ನಾಣೆ" ಎಂದಿದ್ದೆ. ಪಾಪ, ಅಕ್ಷರಶಃ ಪಾಲಿಸಿದ! ಅರ್ಧ ಗಂಟೆಯಾದರೂ ಉಸಿರಿಲ್ಲ. ಹೆಣ್ಣಿನ ತಂದೆ ನನ್ನ ಕಡೆ ಬಗ್ಗಿ, "ಹುಡುಗನಿಗೆ ಮಾತು ಬರುತ್ತೆ ತಾನೆ?" ಎಂದರು.

"ಮಾತಾಡೋ ಮಾರಾಯ!" ಎಂದೆ. ಕರ್ಚೀಫು ಬಿಚ್ಚಿದ! ಒಳಗೆ ಕಪ್ಪಗೆ ಹೊಪ್ಪಳೆಯಂಥ ಒಣ ಹಾವಸೆ. "ಸ್ವಲ್ಪ ನೀರು ಸಿಗುತ್ತಾ?"

ಹೆಣ್ಣು ತಲೆ ತಗ್ಗಿಸಿ ಕುಳಿತಿದ್ದಳು. ಅಡುಗೆಮನೆಯಿಂದ ಅವಳಕ್ಕ ಚೊಂಬು ಹಿಡಿದು ಬಂದಳು. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವಳು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಅವಳನ್ನು ಒಳಗೇ ಇರಿಸಿದ್ದರು. "ನೀನ್ಯಾಕ್ ಬಂದ್ಯೇ? ಒಳಗ್ ಹೋಗು!" ಎಂದು ತಾಯಿ ಗದರಿದರು.

ಅವಳು ಹೋಗಲಿಲ್ಲ, ಚೊಂಬಿನಿಂದ ನೀರು ಚಿಮುಕಿಸಿದಳು. ಹನಿ ಬಿದ್ದಲ್ಲೆಲ್ಲ ಕಪ್ಪು ಹೊಪ್ಪಳೆ ಅಲುಗಿತು, ಮುದುರಿದ ಎಲೆಗಳು ಒಂದೊಂದಾಗಿ ಬಿಡಿಸಿಕೊಂಡವು, ನಮ್ಮ ಕಣ್ಣೆದುರಿಗೇ ಹಸಿರಾದವು.

"ಇದು ಸತ್ತಿರ್ಲಿಲ್ವಾ?" ಎಂದಳು ಮೆಲ್ಲಗೆ.

"ಇಲ್ಲ, ಒಣಗಿತ್ತು ಅಷ್ಟೆ. ತಿಂಗಳುಗಟ್ಲೆ ಹಿಂಗೇ ಕಾಯುತ್ತೆ" ಎಂದು ಭೂತಗನ್ನಡಿಯನ್ನು ಅವಳ ಕೈಗಿತ್ತ. ಅವಳು ನೋಡುತ್ತಲೇ ಇದ್ದಳು. ಇವನು ಮೊದಲ ಸಲ ಹಾವಸೆ ಬಿಟ್ಟು ಮನುಷ್ಯರ ಮುಖ ನೋಡುತ್ತಿದ್ದ!

ವಾಪಸ್ಸು ಬರುವಾಗ ಬಸ್ಸಿನಲ್ಲಿ, "ಅತ್ತಿಗೆ, ನೀರು ತಂದವರನ್ನ ಕೇಳಿ" ಎಂದ.

ನಾನು ಗಕ್ಕನೆ ಅವನ ಕಡೆ ತಿರುಗಿದೆ. "ಅವಳ ವಿಷಯ ಗೊತ್ತೇನೋ?"

"ಅವರಮ್ಮ ಗದರಿದಾಗಲೇ ಗೊತ್ತಾಯ್ತು."

ಕುಣಿಗಲ್ಲಿನಲ್ಲಿ ಇಳಿದು, ಅವನನ್ನು ತುಮಕೂರಿಗೆ ಕಳಿಸಿ, ನಾನೊಬ್ಬಳೇ ಹುಲಿಯೂರುದುರ್ಗಕ್ಕೆ ವಾಪಸ್ಸು ಹೋದೆ. ದಾರಿಯುದ್ದಕ್ಕೂ ಜನ ಏನನ್ನುತ್ತಾರೋ ಎಂದು ಹೆದರಿದ್ದು ಸುಳ್ಳಲ್ಲ. ನನ್ನ ಮಾತು ಕೇಳಿ ಅವಳ ತಂದೆ ಕಂಬಕ್ಕೊರಗಿ ಕುಳಿತುಬಿಟ್ಟರು. ತಾಯಿ ದೇವರ ಮುಂದೆ ಹೋಗಿ ನಿಂತರು. ತಂಗಿಯೇ ಅಕ್ಕನ ಕೈ ಹಿಡಿದು ನಡುಮನೆಗೆ ಕರೆತಂದಳು.

"ನಿನಗೆ ಒಪ್ಪಿಗೆ ಇದೆಯಾ ತಾಯಿ?" ಎಂದೆ.

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗದಂತೆ ಕಂಡಿತು. "ನನ್ನನ್ನಾ ಕೇಳ್ತಿರೋದು?" ಎಂದಳು. ಹೌದೆಂದೆ. ಸೆರಗನ್ನು ಬಾಯಿಗೊತ್ತಿಕೊಂಡು, ಗೋಡೆ ಹಿಡಿದು ನಿಂತು, ತಲೆಯಾಡಿಸಿದಳು. ನನಗೆ ದುಃಖ ತಡೆಯಲಾಗಲಿಲ್ಲ. ಅವಳನ್ನು ತಬ್ಬಿಕೊಂಡೆ.