ಅಕ್ಕಯ್ಯಮ್ಮನ ಸೋಬಾನೆಯ ಬ್ಯಾಕಪ್

ಆ ಭಾನುವಾರ ಶಶಿಧರನ ಪಾಡು ನಾಯಿಪಾಡಾದದ್ದು ಒಬ್ಬ ಅಜ್ಜಿಯ ಬಾಯಿಯಿಂದ. ಅಜ್ಜಿ ಎಂದರೆ ಅವನ ಹೆಂಡತಿ ಬಿಂದುಶ್ರೀಯ ಅಜ್ಜಿ, ಬೂದಿಕೋಟೆಯ ಅಕ್ಕಯ್ಯಮ್ಮ. ಎರಡು ವರ್ಷದ ಹಿಂದೆ ನಾದಿನಿ ಲಿಖಿತಳ ಮದುವೆ ಬಂಗಾರಪೇಟೆಯ ಛತ್ರದಲ್ಲಿ ನಡೆದಿತ್ತು. ಆ ಮದುವೆಯ ವಿಡಿಯೋದಲ್ಲಿ ಅಜ್ಜಿಯ ಬಾಯಿ ಸರಿಯಾಗಿ ಹನ್ನೊಂದು ನಿಮಿಷ ಆಡುತ್ತದೆ. ಸದ್ದು ಮಾತ್ರ ಬರುವುದಿಲ್ಲ.

"ನಾನ್ ಸೋಬಾನೆ ಪದ ಯೋಳಿದ್ದು ದಿಟ. ಬಾಯಿ ಆಡ್ತಾ ಐತೆ. ಪದ ಎಲ್ಲೋಯ್ತು?" ಎಂದು ಅಜ್ಜಿ ಎರಡು ವರ್ಷದಿಂದ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಬೂದಿಕೋಟೆಯ ಎದುರುಮನೆ ಅಮ್ಮಾಜಮ್ಮ, "ನೀನು ಪದ ಯೋಳ್ಲಿಲ್ಲ ಬಿಡಕ್ಕ, ಎಲೆ ಅಡಿಕೆ ಮೆಲ್ತಾ ಇದ್ದೆ" ಎಂದುಬಿಟ್ಟಿದ್ದಳು. ಅವತ್ತಿನಿಂದ ಎರಡು ಮನೆಗೂ ಹೆಪ್ಪು ಕೊಡುಕೊಳ್ಳುವುದು ನಿಂತಿತ್ತು.

ತಪ್ಪು ಅಜ್ಜಿಯದಲ್ಲ, ವಿಡಿಯೋದವನದು. ಅವನಿಗೆ ಹೊಸ ಹುರುಪು. ಮಂಟಪಕ್ಕೆ ಮೂರು, ಡೋಲಿನ ಹತ್ತಿರ ಒಂದು, ಹಿಂದೆ ಜನ ಕೂರುವ ಕಡೆ ಎರಡು, ಹೀಗೆ ಆರು ಮೈಕು ಇಟ್ಟು, ಎಲ್ಲವನ್ನೂ ಒಂದು ಹೈ ಡೆಫಿನಿಷನ್ ಡಿಸ್ಕಿಗೆ ತುಂಬಿಸಿ, "ಆರು ಸ್ಪೀಕರ್ ಹಾಕ್ಕಂಡು ಕೇಳಿ ಸಾರ್, ಛತ್ರದಾಗೆ ಕುಂತಂಗಿರ್ತದೆ" ಎಂದು ಕೊಟ್ಟು ಹೋಗಿದ್ದ. ಆ ವಂಶದಲ್ಲಿ ಯಾರ ಮನೆಯಲ್ಲೂ ಆರು ಸ್ಪೀಕರ್ ಇರಲಿಲ್ಲ. ಆ ಡಿಸ್ಕು ಓಡಿಸುವ ಯಂತ್ರವಿದ್ದದ್ದೇ ಶಶಿಧರನ ಮನೆಯಲ್ಲಿ, ಅದಕ್ಕೆ ಸಿಕ್ಕಿಸಿದ ಟಿವಿಗೆ ಇದ್ದದ್ದು ಎರಡು ಸ್ಪೀಕರ್. ಹಾಗಾಗಿ ಮುಂದಿನ ಪುರೋಹಿತರ ಮಂತ್ರವೂ ನಾದಸ್ವರವೂ ಕೇಳಿಸಿದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯ ಪದ ಡಿಸ್ಕಿನೊಳಗೇ ಉಳಿಯಿತು.

ಇದನ್ನು ಕಂಡುಹಿಡಿದವನು ಶಶಿಧರನೇ. ಚಿತ್ರದುರ್ಗದ ಕಡೆಯವನು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಅಳತೆ ನೋಡುವ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಮಾನು ವಾಪಸು ಕಳಿಸುವ ಕೆಲಸ. ಡಿಸ್ಕಿಗೆ ಗೀರು ಬೀಳುತ್ತಿದೆಯಲ್ಲ, ಕಂಪ್ಯೂಟರಿಗೆ ಬ್ಯಾಕಪ್ ತೆಗೆದಿಡೋಣ ಎಂದು ಹೊರಟವನಿಗೆ ಹಿಂದಿನ ಎರಡು ಮೈಕಿನ ಧ್ವನಿ ಬೇರೆಯೇ ಇರುವುದು ತಿಳಿಯಿತು. ಆರನ್ನೂ ಎರಡಕ್ಕೆ ಬೆರೆಸಿ ಇಳಿಸಿದರೆ ಯಾವ ಟಿವಿಯಲ್ಲಾದರೂ ಅಜ್ಜಿಯ ಪದ ಕೇಳುತ್ತದೆ. ಹಿಂದುಮುಂದು ನೋಡದೆ ಅಜ್ಜಿಗೆ ಫೋನು ಮಾಡಿ ಹೇಳಿಯೂ ಬಿಟ್ಟ.

"ನನ್ನಪ್ಪನೇ! ಭಾನುವಾರ ಬತ್ತೀನಿ. ಆ ಪೆಂಡ್ರೈವೋ ಏನೋ ಅಂತಾರಲ್ಲ, ಅದ್ರಾಗೆ ಆಕ್ಕೊಡು. ಅಮ್ಮಾಜಮ್ಮನ ಮುಂದೆ ಆಕ್ತೀನಿ" ಎಂದಳು ಅಜ್ಜಿ.

ಶಶಿಧರನಿಗೆ ಅಜ್ಜಿ ಎಂದರೆ ಪ್ರಾಣ. ಹೆಣ್ಣು ನೋಡಲು ಹೋದಾಗ ಮನೆಯವರೆಲ್ಲ "ದುರ್ಗದ ಕಡೆಯೋರು, ಗುರುತಿಲ್ಲ ಪರಿಚಯವಿಲ್ಲ" ಎಂದು ಮೂಗು ಮುರಿದಾಗ, "ಉಡುಗ ಉಂಡಿದ್ದೆಲೆ ತಾನೇ ಎತ್ತಿದ್ನಲ್ಲ, ಇನ್ನೇನ್ ನೋಡ್ಬೇಕು?" ಎಂದು ಒಂದೇ ಮಾತಿನಲ್ಲಿ ಮದುವೆ ಮುಗಿಸಿದವಳು ಅವಳು. ಮಾವನ ಮನೆಯಲ್ಲಿ ಅವನ ಪರ ವಹಿಸುವ ಜೀವ ಇವತ್ತಿಗೂ ಅದೊಂದೇ.

ಬಿಂದುಶ್ರೀ ಬೆಳಿಗ್ಗೆಯೇ ಅಜ್ಜಿಯನ್ನು ಕರೆತರಲು ಬಂಗಾರಪೇಟೆಗೆ ಹೊರಟಳು. ಅಜ್ಜಿ ಬೂದಿಕೋಟೆಯಿಂದ ಬಸ್ಸಿನಲ್ಲಿ ಅಲ್ಲಿಗೆ ಬರಬೇಕು, ಅಲ್ಲಿಂದ ಇಬ್ಬರೂ ಕೆಜಿಎಫ್‌ಗೆ ಬರುವ ಮಾರಿಕುಪ್ಪಂ ರೈಲು ಹತ್ತಬೇಕು. ಶಶಿಧರ ಆರು ಧ್ವನಿಯನ್ನು ಎರಡಕ್ಕಿಳಿಸಿ ಇಯರ್‌ಫೋನ್ ಸಿಕ್ಕಿಸಿಕೊಂಡ. ಕೇಳಿಸಿತು! ಅಜ್ಜಿಯ ಸೋಬಾನೆ ಎದುರಿಗೇ ಕೂತು ಹಾಡಿದ ಹಾಗೆ ಕೇಳಿಸಿತು. ಅವನಿಗೆ ಕಣ್ಣು ತುಂಬಿಬಂತು.

ಮೂರನೇ ನುಡಿಯಲ್ಲಿ ಇನ್ನೊಂದು ಧ್ವನಿಯೂ ಕೇಳಿಸಿತು. "ಓಂಕಾರಪ್ಪನವರೇ, ಅಜ್ಜಿ ಶ್ರುತಿ ನೋಡಿದ್ರಾ? ಒಂದನೇ ನುಡಿ ಬಂಗಾರಪೇಟೇಲಿ ಹತ್ತಿತು, ಮೂರನೇ ನುಡಿ ಬೇತಮಂಗಲದ ಕೆರೇಲಿ ಮುಳುಗ್ತಾ ಇದೆ. ಯಾರಾದ್ರೂ ಹಗ್ಗ ಬಿಡ್ರಪ್ಪಾ!"

ಧ್ವನಿ ಶಶಿಧರನದೇ. ಹಿಂದಿನ ಮೈಕಿನ ಬುಡದಲ್ಲೇ ಕೂತಿದ್ದು ಈಗ ನೆನಪಾಯಿತು. ಮಾತಿನ ಬೆನ್ನಿಗೇ ಮದುವೆಗೆ ಜೊತೆಗೆ ಬಂದಿದ್ದ ಓಂಕಾರಪ್ಪನ ನಗು ಬೇರೆ, ಹಳೇ ಸ್ಕೂಟರಿಗೆ ಕಿಕ್ ಹೊಡೆದಂತೆ. ಶಶಿಧರ ತಟ್ಟನೆ ವಿಡಿಯೋ ನಿಲ್ಲಿಸಿದ. ಈ ಮಾತು ಅಜ್ಜಿಯ ಕಿವಿಗೆ ಬಿದ್ದರೆ ಆ ಮನೆಯಲ್ಲಿ ತನ್ನ ಕಡೆಗಿರುವ ಒಂದೇ ಒಂದು ಜೀವವೂ ಮುಖ ತಿರುಗಿಸುತ್ತದೆ. ರೈಲು ಬರುವುದು ಮೂರೂಕಾಲಿಗೆ, ಈಗ ಹತ್ತೂವರೆ.

ಹಿಂದಿನ ಎರಡು ಧ್ವನಿಯನ್ನೂ ತೆಗೆದು ನೋಡಿದ. ಅವನ ಮಾತು ಹೋಯಿತು, ಅಜ್ಜಿಯ ಪದವೂ ಹೋಯಿತು. ಪಕ್ಕದ ಮನೆಯ ಓಂಕಾರಪ್ಪನನ್ನು ಕರೆದ. ಓಂಕಾರಪ್ಪ ಅದೇ ಕಾರ್ಖಾನೆಯ ಸ್ಟೋರ್ಸಿನವನು. ಅಪರಾಧದಲ್ಲಿ ಅವನಿಗೂ ಪಾಲಿತ್ತು, ಆದರೆ ಮುಖದಲ್ಲಿ ಅದರ ಸುಳಿವಿರಲಿಲ್ಲ.

"ನಾನು ನಕ್ಕಿದ್ದು ಅಷ್ಟೇ ಕಣ್ರೀ. ಮಾತು ನಿಮ್ದು" ಎಂದು ಮೊದಲು ಹೊಣೆ ಹಂಚಿ, ಆಮೇಲೆ ಸಲಹೆ ಕೊಟ್ಟ. "ಅಜ್ಜಿ ಎಡಗಡೆ ಕೂತಿದ್ರು, ನಾವು ಬಲಗಡೆ. ಬಲಗಡೆ ಮೈಕು ಕಿತ್ತುಹಾಕ್ರಿ."

ಕಿತ್ತುಹಾಕಿದ್ದಾಯಿತು. ಮಾತು ಹೋಗಲಿಲ್ಲ, ಪಕ್ಕದ ಮನೆಯಿಂದ ಬಂದಂತೆ ಸಣ್ಣಗೆ ಕೇಳಿಸಿತು. ಆ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು ಉಪ್ಪು ಕಡಿಮೆಯಾಯಿತು ಎಂದರೆ ಇವರ ಮನೆಯಲ್ಲಿ ಡಬ್ಬಿ ತೆಗೆಯುತ್ತಾರೆ. ಅಕ್ಕಯ್ಯಮ್ಮನ ಕಿವಿ ಅದಕ್ಕಿಂತ ಚುರುಕು.

ಇಬ್ಬರಿಗೂ ಕೇಳಬೇಕೆಂದು ಇಯರ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದ್ದೇ ದೊಡ್ಡ ತಪ್ಪಾಯಿತು. ಕಿಟಕಿ ತೆರೆದಿತ್ತು. "ಹಗ್ಗ ಬಿಡ್ರಪ್ಪಾ" ಎನ್ನುವುದು ಸಾಲಿನ ಕೊನೆಯ ಮನೆಯವರೆಗೆ ಹೋಯಿತು. ಎರಡೇ ನಿಮಿಷದಲ್ಲಿ ಬಾಗಿಲಲ್ಲಿ ಕುಪ್ಪುಸ್ವಾಮಿ ನಿಂತಿದ್ದ. ಮೂವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವನು, ಎಲ್ಲಿ ಸ್ಪೀಕರು ಕಿರುಚಿದರೂ ತನ್ನನ್ನೇ ಕರೆದರು ಎಂದುಕೊಳ್ಳುವವನು.

"ಎನ್ನ ಸಾರ್, ಏನಾಯ್ತು, ಯಾರು ಕೆರೇಲಿ ಬಿದ್ದಿದ್ದು?"

ವಿಷಯ ಹೇಳದೆ ವಿಧಿಯಿರಲಿಲ್ಲ. ಕುಪ್ಪುಸ್ವಾಮಿ ಕೇಳಿ, ಡಾಕ್ಟರ್ ನಾಡಿ ಹಿಡಿದಂತೆ ಕಣ್ಣು ಮುಚ್ಚಿದ. "ಸಿಂಪಲ್ ಸಾರ್. ಆ ಜಾಗದಲ್ಲಿ ನಾದಸ್ವರ ಮೇಲೆ ಎತ್ತಿಬಿಡಿ. ಮಾತೆಲ್ಲ ಮುಚ್ಚೋಗುತ್ತೆ. ಎಷ್ಟು ಮದುವೇಲಿ ಎಷ್ಟು ಜಗಳ ಹಂಗೇ ಮುಚ್ಚಿದೀನಿ ನಾನು!"

ನಾದಸ್ವರ ಎತ್ತಿದರು. ಮಾತೂ ಮುಚ್ಚಿತು, ಅಜ್ಜಿಯೂ ಮುಚ್ಚಿಹೋದಳು. ನಾದಸ್ವರ ಇಳಿಸಿ ಮಧ್ಯದ ಧ್ವನಿ ಎತ್ತಿದರು. ಅಲ್ಲಿದ್ದವರು ಪುರೋಹಿತರು. ಎರಡು ವರ್ಷದಿಂದ ಮಂತ್ರವೆಂದು ಎಲ್ಲರೂ ಕೈಮುಗಿದು ಕೇಳಿದ್ದ ಜಾಗದಲ್ಲಿ "ಲೋ, ಆ ಕೊಬ್ಬರಿ ಬಟ್ಟಲು ನನ್ನ ಚೀಲಕ್ಕೆ ಹಾಕೋ" ಎಂದು ಸ್ಪಷ್ಟವಾಗಿ ಕೇಳಿಸಿತು. ಅದನ್ನೂ ಗಡಿಬಿಡಿಯಲ್ಲಿ ಇಳಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಎದುರು ಸಾಲಿನ ಶಶಿರೇಖ ಒಲೆಯ ಮೇಲೆ ಸಾರಿಟ್ಟು ಬಂದವಳು, "ಅಜ್ಜಿ ಹತ್ರ ಮೊದಲೇ ಕ್ಷಮೆ ಕೇಳ್ಬಿಡಿ ಅಣ್ಣ" ಎಂದಳು. ಇನ್ನೊಬ್ಬರು ಪೆನ್‌ಡ್ರೈವು ಕಳೆದುಹೋಯಿತು ಎನ್ನಿ ಎಂದರು. ಮತ್ತೊಬ್ಬರು ಅಜ್ಜಿಗೆ ತೋರಿಸುವಾಗ ಸರಿಯಾದ ಹೊತ್ತಿಗೆ ತಾವು ಕೆಮ್ಮುವುದಾಗಿ ಮಾತು ಕೊಟ್ಟರು, ಅಲ್ಲೇ ಒಂದು ಸಲ ಕೆಮ್ಮಿ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ಮಾತು ಕೇಳದೆ ಉಳಿದವರು ಇಡೀ ಕ್ವಾರ್ಟರ್ಸಿನಲ್ಲಿ ಯಾರೂ ಇರಲಿಲ್ಲ. ಶಶಿಧರ ಊಟ ಮಾಡಿರಲಿಲ್ಲ.

ಕೊನೆಗೆ ದಾರಿ ಹೊಳೆದದ್ದು ಕುಪ್ಪುಸ್ವಾಮಿಗೇ. "ಸಾರ್, ಸೋಬಾನೇಲಿ ಎಲ್ಲಾ ನುಡೀನೂ ಒಂದೇ ಥರ ಎತ್ಕೊಳ್ತಾರೆ. ಮೂರನೇದು ತೆಗೆದು ಎರಡನೇದನ್ನೇ ಇನ್ನೊಂದು ಸಲ ಅಂಟಿಸಿ."

ಕೂದಲೆಳೆ ಅಳೆಯುವ ಶಶಿಧರನಿಗೆ ಇಂಥ ತೇಪೆ ಹಿಡಿಸಲಿಲ್ಲ, ಆದರೆ ಗಂಟೆ ಎರಡಾಗಿತ್ತು. ಕತ್ತರಿಸಿ ಅಂಟಿಸಿ, ನಾದಸ್ವರ ಡೋಲು ಎರಡನ್ನೂ ತಗ್ಗಿಸಿ, ಅಜ್ಜಿಯನ್ನು ಮುಂದಕ್ಕೆ ತಂದು, ಮತ್ತೆ ಎರಡಕ್ಕಿಳಿಸಿದ. ಪೆನ್‌ಡ್ರೈವಿಗೆ ಹಾಕಿ ಮುಗಿಯುವುದಕ್ಕೂ ಹೊರಗೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು.

ಅಕ್ಕಯ್ಯಮ್ಮ ಇಳಿದಳು. ಕೈಯಲ್ಲೊಂದು ಚೀಲ, ಅದರಲ್ಲಿ ಶಶಿಧರನಿಗೆಂದು ಹುರಿಗಡಲೆ ಉಂಡೆ. "ಇಷ್ಟೊಂದು ಜನ ಯಾಕವ್ವ ಸೇರೈತೆ?" ಎಂದಳು.

"ನಿಮ್ಮ ಪದ ಕೇಳಕ್ಕೆ ಅಜ್ಜಿ" ಎಂದ ಓಂಕಾರಪ್ಪ, ಕಣ್ಣೆವೆ ಮಿಟುಕಿಸದೆ.

ಅಜ್ಜಿ ಹಿಗ್ಗಿದಳು. ನೀರು ಕುಡಿದು, ಸೆರಗು ಸರಿಮಾಡಿಕೊಂಡು ಟಿವಿಯ ಎದುರು ಕೂತಳು. ಶಶಿಧರ ಪೆನ್‌ಡ್ರೈವು ಸಿಕ್ಕಿಸಿದ. ಟಿವಿಯಲ್ಲಿ ಅಜ್ಜಿಯ ಬಾಯಿ ಆಡಿತು, ಎರಡು ವರ್ಷದಲ್ಲಿ ಮೊದಲ ಸಲ ಪದವೂ ಬಂತು. ಎರಡನೇ ನುಡಿ ಎರಡು ಸಲ ಬಂತು. ಕೆಮ್ಮುವವರು ಭಯಕ್ಕೆ ಎಲ್ಲೆಲ್ಲೋ ಕೆಮ್ಮಿದರು. ಹನ್ನೊಂದು ನಿಮಿಷವೂ ಕಳೆಯಿತು.

ಅಜ್ಜಿ ತಿರುಗಿ ಎಲ್ಲರ ಮುಖ ನೋಡಿದಳು. ಶಶಿಧರ ಸಿಕ್ಕಿಬಿದ್ದೆ ಎಂದುಕೊಂಡ.

"ಇದೇನಾ ನಾನ್ ಯೋಳಿದ್ ಪದ?" ಎಂದಳು ಅಜ್ಜಿ ಮೆಲ್ಲಗೆ. "ಅಯ್ಯೋ ಸಿವನೇ. ಎಲ್ಲೋ ಎತ್ಕಂಡಿದೀನಿ, ಎಲ್ಲೋ ಬಿಟ್ಟಿದೀನಿ. ವಾಲಗದ ಗದ್ದಲದಾಗೆ ನಂಗೇ ಗೊತ್ತಾಗ್ನಿಲ್ಲ. ಛತ್ರದಾಗೆ ನಾನೂರು ಜನ ಇದ್ರಲ್ಲ, ಒಬ್ರಾದ್ರೂ ಯೋಳ್ಬಾರ್ದಾ? ಎಲ್ರೂ ಚೆಂದಾಗಿತ್ತಜ್ಜಿ, ಚೆಂದಾಗಿತ್ತಜ್ಜಿ ಅಂದ್ರು. ಮುದುಕಿ ಅಂತ ಸುಮ್ನೆ ಆಡ್ಸಿಬಿಟ್ರಿ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಿಗ್ಗೆಯಿಂದ ಶಶಿಧರ ಅಳಿಸಿದ್ದು ಅಜ್ಜಿ ಈಗ ಬೇಕೆನ್ನುತ್ತಿರುವ ಮಾತನ್ನೇ. ಎದ್ದು, "ಅಜ್ಜಿ, ಒಬ್ಬ ಹೇಳಿದ್ದ" ಎಂದು ಕಂಪ್ಯೂಟರಿನಲ್ಲಿ ಮೊದಲು ಇಳಿಸಿದ್ದನ್ನೇ ಹಾಕಿದ. ಓಂಕಾರಪ್ಪ ಮೆಲ್ಲಗೆ ಬಾಗಿಲ ಕಡೆ ಸರಿದ. ಮೂರನೇ ನುಡಿ ಬಂತು, ಬೇತಮಂಗಲದ ಕೆರೆ ಬಂತು, ಹಗ್ಗ ಬಂತು, ಸ್ಕೂಟರು ಬಂತು.

ಬಿಂದುಶ್ರೀ, "ರೀ!" ಎಂದಳು. ಆ ಒಂದಕ್ಷರದಲ್ಲಿ ಒಂದು ತಿಂಗಳ ಜಗಳವಿತ್ತು.

ಅಜ್ಜಿ ಮಾತ್ರ, "ಇನ್ನೊಂದ್ ಕಿತ ಆಕು" ಎಂದಳು. ಹಾಕಿದ. ಮೂರನೇ ಸಲವೂ ಹಾಕಿಸಿಕೊಂಡಳು. ಆಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟು ಜೋರಾಗಿ ನಕ್ಕಳು. "ದಿಟ ಕಣೇ ಬಿಂದು! ಮೂರ್ನೇ ನುಡಿಗೇ ಮುಳುಗಿರೋದು ನಾನು! ನಾನೂರು ಜನದಾಗೆ ಕಿವಿ ಇರೋನು ಇವ್ನೊಬ್ನೇ. ನಾನ್ ಅವತ್ತೇ ಯೋಳಿರ್ಲಿಲ್ವಾ, ಉಡುಗ ಬಂಗಾರ ಅಂತ!"

ಜನ ಚಪ್ಪಾಳೆ ತಟ್ಟಿದರು. ಶಶಿಧರನಿಗೆ ಜೀವ ಬಂದಂತಾಯಿತು. ಅಡುಗೆಮನೆಯ ಕಡೆ ಹೊರಟ.

"ಎಲ್ಲೋಗ್ತೀಯಾ, ಕುಂತ್ಕೋ" ಎಂದಳು ಅಜ್ಜಿ. "ಬರೋ ತಿಂಗ್ಳು ನಮ್ ಮೊಮ್ಮಗ ಚಿರಂಜೀವಿ ಮದ್ವೆ. ಅಲ್ಲೀಗಂಟ ನಾನ್ ಇಲ್ಲೇ ಇರ್ತೀನಿ. ಬೂದಿಕೋಟೇಲಿ ಎಲ್ಲಾ ಸುಳ್ರು, ಚೆಂದಾಗೈತೆ ಅಂತ್ಲೇ ಅಂತಾರೆ. ನೀನ್ ಯೋಳ್ಬೇಕು, ನಾನ್ ತಿದ್ಕಬೇಕು. ಬೆಳಿಗ್ಗೆ ಕಾರ್ಖಾನೆಗೋಗೋ ಮುಂಚೆ ಒಂದ್ ಕಿತ, ಬಂದ್ಮೇಲೆ ಒಂದ್ ಕಿತ."

ಕುಪ್ಪುಸ್ವಾಮಿ ಅಭ್ಯಾಸಕ್ಕೆ ಒಂದು ಮೈಕ್‌ಸೆಟ್ ತಂದಿಡುವುದಾಗಿ ಹೇಳಿ ಹೋದ. ಜನ ಕರಗಿದರು. ಓಂಕಾರಪ್ಪ ಆಗಲೇ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದ. ಅಜ್ಜಿ ಗಂಟಲು ಸರಿಮಾಡಿಕೊಂಡು ಹನ್ನೊಂದು ನಿಮಿಷ ಹಾಡಿ ಮುಗಿಸಿ, "ಎಂಗೈತೆ?" ಎಂದಳು.

"ಚೆನ್ನಾಗಿದೆ ಅಜ್ಜಿ."

"ನೀನೂ ಸುಳ್ಳು ಕಲ್ತ್ಕಂಡ್ಯಾ? ನನ್ ಮನಸ್ಸು ನೋಯ್ತದೆ ಅಂತ ಅಂಗಂತೀಯ. ತಡಿ, ಮೊದ್ಲಿಂದ ಯೋಳ್ತೀನಿ."

ಮತ್ತೆ ಹನ್ನೊಂದು ನಿಮಿಷವಾಯಿತು. "ಈಗ?"

ಶಶಿಧರ ಯೋಚಿಸಿ, ಹೆಂಡತಿಯ ಮುಖ ನೋಡಿ, ಧೈರ್ಯ ಮಾಡಿ, "ಮೂರನೇ ನುಡಿ ಸ್ವಲ್ಪ ಇಳೀತು ಅಜ್ಜಿ" ಎಂದ.

"ಅಂಗ್ ಯೋಳು ಮತ್ತೆ!" ಎಂದು ಅಕ್ಕಯ್ಯಮ್ಮ ತೊಡೆ ತಟ್ಟಿ, ಮೊದಲನೇ ನುಡಿಯಿಂದ ಶುರುಮಾಡಿದಳು.