ಅಜ್ಜಿಯನ್ನು ಸಾಮಾನಿಗೆ ಸೇರಿಸುವ ಬಗ್ಗೆ

ಕುಟುಂಬ ನ್ಯಾಯಾಲಯದ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ನ್ಯಾಯಾಧೀಶರೇ,

ತಮಗೂ, ತಮ್ಮ ತಲೆಯ ಮೇಲೆ ತಿರುಗಲೋ ಬೇಡವೋ ಎಂದು ಯೋಚಿಸುತ್ತ ತಿರುಗುವ ಫ್ಯಾನಿಗೂ ನನ್ನ ನಮಸ್ಕಾರಗಳು. ಐದನೇ ಕ್ಲಾಸಿನ ಅರ್ಧಕ್ಕೇ ಸ್ಲೇಟು ಕೆಳಗಿಟ್ಟವಳು ನಾನು. ಕಾಗುಣಿತ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಖುದ್ದಾಗಿ ತಂದ ಅರ್ಜಿಯನ್ನು ತಮ್ಮ ಗುಮಾಸ್ತರು ಬೆರಳಲ್ಲೂ ಮುಟ್ಟದೆ, "ಅಜ್ಜಿ, ನೀವು ಈ ಕೇಸಲ್ಲೇ ಇಲ್ಲ, ಹೋಗಿ" ಎಂದದ್ದರಿಂದ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಮಗ ಲಿಫ್ಟ್ ರಿಪೇರಿಯವನು. ಊರಿನವರನ್ನೆಲ್ಲ ಮೇಲೆ ಹತ್ತಿಸಿ ಕೆಳಗಿಳಿಸುತ್ತಾನೆ, ಹೆಂಡತಿಯ ಮುಂದೆ ಮಾತ್ರ ತಾನು ಒಂದು ಮೆಟ್ಟಿಲೂ ಇಳಿಯಲಿಲ್ಲ. ಸೊಸೆ ಲ್ಯಾಬಿನವಳು. ಯಾರ ರಕ್ತದಲ್ಲಿ ಏನಿದೆ ಎಂದು ಹೇಳಬಲ್ಲಳು, ಗಂಡನ ತಲೆಯಲ್ಲಿ ಏನಿದೆ ಎಂದು ಮಾತ್ರ ಅವಳಿಗೂ ಹತ್ತಲಿಲ್ಲ. ಇಬ್ಬರೂ ಬೇರೆಯಾದಾಗ ಉಳಿದದ್ದು ಆರು ವರ್ಷದ ಮೊಮ್ಮಗಳು. ಅಳು ಸಣ್ಣಗೆ ಶುರುವಾಗಿ ಕಿವಿ ಕೊರೆಯುವುದರಿಂದ ನಾವು ಅವಳನ್ನು ಪಿಟೀಲು ಎನ್ನುತ್ತೇವೆ. ಆ ಮಗುವನ್ನು ಕತ್ತರಿ ಮುಟ್ಟಿಸದೆಯೇ ಒಂದು ವಾರ ಅಪ್ಪನಿಗೆ, ಒಂದು ವಾರ ಅಮ್ಮನಿಗೆ ಎಂದು ಎರಡು ಭಾಗ ಮಾಡಿದ ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಯಾವ ದರ್ಜಿಗೂ ಇದು ಸಾಧ್ಯವಿಲ್ಲ.

ಆದರೆ ಅದೇ ಆದೇಶದಲ್ಲಿ, ಮಗುವನ್ನು ಒಪ್ಪಿಸುವಾಗಲೂ ಮಗು ತಾಯಿಯ ಸುಪರ್ದಿಯಲ್ಲಿರುವಾಗಲೂ ತಂದೆಯ ಕಡೆಯ "ಮೂರನೆಯ ವ್ಯಕ್ತಿಗಳು" ಹಾಜರಿರತಕ್ಕದ್ದಲ್ಲ ಎಂದು ಬರೆಸಿದ್ದೀರಿ. ಯಾರಪ್ಪಾ ಇವರು, ಕಳ್ಳರೋ ಕಾಕರೋ ಎಂದು ನಾನೂ ಹೆದರಿಕೊಂಡೆ. ಆಮೇಲೆ ಮಗ ತಲೆ ತಗ್ಗಿಸಿ, "ಅದು ನೀನೇ ಅಮ್ಮಾ" ಎಂದ. ನಮ್ಮ ಮೇಷ್ಟ್ರು ಕಲಿಸಿದ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, ಅತ್ತ ನಿಂತ 'ಅವಳು' ಪ್ರಥಮ ಪುರುಷ. ಮಗ, ಸೊಸೆ ಇಬ್ಬರೂ ನಡುಮನೆಯಲ್ಲಿ ನಾನು ನೀನು ಎಂದು ಕಿತ್ತಾಡುವಾಗ ಅಡುಗೆಮನೆಯಲ್ಲಿ ಮಗುವಿನ ಬಾಯಿಗೆ ತುತ್ತಿಡುತ್ತಿದ್ದ ಅವಳು ನಾನೇ. ತಮ್ಮ ಒಂದೇ ಸಹಿಗೆ ಪ್ರಥಮದಿಂದ ಮೂರನೆಯದಕ್ಕೆ ಇಳಿದೆ. ಪರೀಕ್ಷೆ ಬರೆಯದೆಯೇ ಹೀಗೆ ರ‍್ಯಾಂಕು ಕಳೆದುಕೊಂಡವರು ಇನ್ನಾರೂ ಇರಲಾರರು.

ಮಗುವನ್ನು ಒಪ್ಪಿಸುವುದು ಪೆಟ್ರೋಲ್ ಬಂಕಿನಲ್ಲಿ, ಟೈರಿಗೆ ಗಾಳಿ ತುಂಬುವ ಜಾಗದಲ್ಲಿ. ಅದು ಇಬ್ಬರಿಗೂ ಸೇರದ ಜಾಗವಂತೆ. ಕಳೆದ ಸಲ ನಾನು ಕಾನೂನಿಗೆ ತಲೆಬಾಗಿ, ರಸ್ತೆಯಾಚೆ ಐಸ್‌ಕ್ರೀಮ್ ಗಾಡಿಯ ಹಿಂದೆ ಬಗ್ಗಿ ನಿಂತಿದ್ದೆ. ಪಿಟೀಲು ಅಮ್ಮನ ಕಾರು ಹತ್ತಲೊಲ್ಲಳು.

"ನನ್ನ ಸಾಮಾನು ಪೂರ್ತಿ ಬಂದಿಲ್ಲ."

"ಏನೇ ಬಿಟ್ಟು ಬಂದೆ?" ಎಂದಳು ಸೊಸೆ.

"ಅಜ್ಜಿ. ನೋಡು, ಗಾಡಿ ಹಿಂದೆ ಅವಿತ್ಕೊಂಡಿದೆ. ಸೆರಗು ಕಾಣ್ತಿದೆ."

ಮಗ, ಸೊಸೆ ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಕೂಡಲೇ, ಹೀಗೆ ನಗಲು ಆದೇಶದಲ್ಲಿ ಅವಕಾಶವಿದೆಯೋ ಇಲ್ಲವೋ ಎಂಬಂತೆ ಮುಖ ಬಿಗಿದುಕೊಂಡರು. ಸೊಸೆ ರಸ್ತೆ ದಾಟಿ ಬಂದು, "ನಾನು ಬೇಡ ಅಂತಿಲ್ಲ ಅತ್ತೆ. ನಿಮ್ಮ ಕಿವಿ ಹಿಡ್ಕೊಳ್ದೆ ಅದು ಮಲಗೋದೂ ಇಲ್ಲ, ನನ್ನ ಕಿವಿ ಬೇಡ್ವಂತೆ. ಆದ್ರೆ ಒಂದಕ್ಷರ ಮೀರಿದ್ರೂ ಮಗು ಕೈತಪ್ಪುತ್ತೆ ಅಂದಿದಾರೆ ವಕೀಲರು" ಎಂದಳು. ಅವಳ ಕಣ್ಣು ನೋಡಿದ ಮೇಲೆ ನಾನು ಬಯ್ಯಲು ತಂದಿದ್ದ ಮಾತನ್ನೆಲ್ಲ ವಾಪಸು ನುಂಗಿದೆ. ಈ ವಯಸ್ಸಿನಲ್ಲಿ ಅಷ್ಟೊಂದು ಜೀರ್ಣವಾಗುವುದಿಲ್ಲ ಸ್ವಾಮಿ.

ಆದ್ದರಿಂದ ಮೊಮ್ಮಗಳು ಕಂಡುಹಿಡಿದ ದಾರಿಯನ್ನೇ ತಮ್ಮ ಪಾದಕ್ಕೆ ಒಪ್ಪಿಸುತ್ತಿದ್ದೇನೆ. ಮಗುವಿನ ನಿತ್ಯೋಪಯೋಗಿ ವಸ್ತುಗಳು ಮಗುವಿನ ಜೊತೆಯಲ್ಲೇ ಹೋಗತಕ್ಕದ್ದು ಎಂದು ತಾವೇ ಅಪ್ಪಣೆ ಕೊಡಿಸಿದ್ದೀರಿ. ಹಲ್ಲುಜ್ಜುವ ಬ್ರಷ್ಷಿಗೂ ಹೊದಿಕೆಗೂ ನಡುವೆ "ಅಜ್ಜಿ, ಒಂದು, ಹಳೆಯದು, ಚಾಲ್ತಿಯಲ್ಲಿದೆ" ಎಂದು ಸೇರಿಸಿದರೆ ಸಾಕು. ವ್ಯಕ್ತಿಯ ಪದವಿಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಸಾಕ್ಷಿ ಬೇಕೆಂದರೆ ಮಗುವಿನ ಬಾಯಿಂದಲೇ ಕೇಳಿ: ಅಜ್ಜಿ ಬಂತು, ಅಜ್ಜಿ ಹೋಯ್ತು, ಅಜ್ಜಿ ಅವಿತ್ಕೊಂಡಿದೆ. ಮನುಷ್ಯರಿಗೆ ಯಾರಾದರೂ ಹೀಗನ್ನುತ್ತಾರೆಯೇ?

ತಮ್ಮ ಉತ್ತರಕ್ಕೆ ಕಾಯುವಷ್ಟು ಆಯಸ್ಸನ್ನು ನನಗೆ ಯಾರೂ ಮಂಜೂರು ಮಾಡಿಲ್ಲ. ಬರುವ ಭಾನುವಾರ ಸೊಸೆಯ ಕಾರಿನ ಹಿಂದಿನ ಸೀಟಿನಲ್ಲಿ, ಚೀಲಗಳ ನಡುವೆ ಹೋಗಿ ಕೂರುತ್ತೇನೆ. ಯಾರು ಏನು ಕೇಳಿದರೂ ತುಟಿ ಬಿಚ್ಚುವುದಿಲ್ಲ, ವಸ್ತುಗಳು ಮಾತಾಡುವುದಿಲ್ಲ. "ಅಮ್ಮಾ, ಜೈಲಿಗೆ ಬೇಕಾದ್ರೂ ಹೋಗ್ತೀಯ, ಸುಮ್ನಿರೋದು ಮಾತ್ರ ನಿನ್ನ ಕೈಲಾಗಲ್ಲ" ಎಂದು ಮಗ ನಗುತ್ತಾನೆ. ಸುಮ್ಮನಿರುತ್ತೇನೆ. ಆ ಪುಟ್ಟ ಕೈ ನನ್ನ ಕಿವಿಗೆ ಬರುವ ತನಕ.

ಇಂತಿ,
ಸಹಿ ಬಿದ್ದರೆ ಸಾಮಾನು, ಬೀಳದಿದ್ದರೆ ಸಂಕಟವಾಗಲಿರುವ
ತಮ್ಮ ವಿಶ್ವಾಸಿ,
ಪಿಟೀಲಿನ ಅಜ್ಜಿ

ಮರೆತ ಮಾತು: ಈ ಕರಿ ಕೋಟು ತೊಡುವುದಕ್ಕೆ ಬಹಳ ಮುಂಚೆ, ಮನೆ ತುಂಬ ಬರಿಮೈಯಲ್ಲಿ ಓಡುತ್ತಿದ್ದ ತಮ್ಮನ್ನು ಹಿಡಿದು ಚಡ್ಡಿ ತೊಡಿಸಿದವರು ಯಾರೆಂದು ದಯವಿಟ್ಟು ನೆನಪಿಸಿಕೊಳ್ಳಬೇಕು. ಅದು ಅಜ್ಜಿಯಾಗಿದ್ದಲ್ಲಿ, ಆಕೆ ಯಾವ ನ್ಯಾಯಾಲಯದ ಅನುಮತಿ ಪಡೆದಿದ್ದರು ಎಂಬುದನ್ನೂ ತಿಳಿಸಿದರೆ ನಾನೂ ಅಲ್ಲಿಗೇ ಅರ್ಜಿ ಹಾಕುತ್ತೇನೆ.